ಬಳೆಗಾರ ಓಣಿಯ ತಗ್ಗಿನಲ್ಲಿ ನಿಂತವರು

ಸತ್ತು ಎರಡು ದಿನವಾದ ಹೆಂಗಸೊಬ್ಬರು ತಾವಾಗಿಯೇ ಬಂದು, ಸೆರಗು ಸರಿಮಾಡಿಕೊಂಡು, ನನ್ನ ಕ್ಯಾಮೆರಾದ ಮುಂದೆ ನಿಂತು ಹೋಗಿದ್ದಾರೆ. ಅಂಥ ಫೋಟೋ ತೆಗೆದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಉಳಿದ ಮಂಡಲಗಳ ವರದಿ ಇನ್ನೂ ಕೈಸೇರಿಲ್ಲ.

ಭಾನುವಾರ ಮಧ್ಯಾಹ್ನ ನಾಲ್ಕೂವರೆಗೆ ಬಳೆಗಾರ ಓಣಿಯ ನಟ್ಟನಡುವೆ ನಿಂತು ಇದನ್ನೇ ವೃಂದಕ್ಕನಿಗೆ ಇಪ್ಪತ್ತನೆಯ ಸಲ ಹೇಳುತ್ತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಹೆಂಚಿನ ತುದಿಯಿಂದ ಇನ್ನೂ ಹನಿ ಬೀಳುತ್ತಿತ್ತು.

“ಹೇಳೂದು ಸಾಕು,” ಎಂದರು ವೃಂದಕ್ಕ. “ತಗದು ತೋರ್ಸು.”

“ಏನು ತಗೀಲಿ?”

“ಬುಧವಾರ ತಗದದ್ದನ್ನ. ತಗ್ಗೂ ಅದ, ನೀರೂ ಅದ, ಮನೀನೂ ಅದ. ಮಲಕೊಂಡು ಮತ್ತೊಮ್ಮೆ ತಗಿ. ನಾ ಇಲ್ಲೇ ನಿಂತು ನೋಡತೇನಿ.”

ಈ ವಾರವೇ ಓದಲು ಕೂತವರಿಗೆ ಒಂದೇ ಸಾಲು: ಸೋಮವಾರ ಸಂಜೆ ಹಾಡು ಕಲಿಸುವ ಲಕ್ಷ್ಮೀಬಾಯಿ ಮೌಶಿ ತಮ್ಮ ಮನೆಯ ಹಿತ್ತಲ ಮೆಟ್ಟಿಲಿನಿಂದ ಉರುಳಿ ಸತ್ತರು, ಮಂಗಳವಾರ ಪೊಲೀಸರು ಮೋಟರ್ ಮೆಕ್ಯಾನಿಕ್ ಅಸದನನ್ನು ಹಿಡಿದರು, ಬುಧವಾರ ಮೌಶಿಯ ಆ ಫೋಟೋ ಊರ ತುಂಬ ಹರಿಯಿತು.

ವೃಂದಕ್ಕನ ಪತ್ತೇದಾರಿ ಕಚೇರಿ ವಿದ್ಯಾನಗರದಲ್ಲಿ, ಔಷಧದ ಅಂಗಡಿಯೊಂದರ ಮೇಲೆ, ಒಂದೂವರೆ ಖೋಲಿಯಲ್ಲಿದೆ. ವರನಿಗೆ ಕುಡಿತ ಉಂಟೋ, ಮೊದಲೊಂದು ಮದುವೆ ಆಗಿದೆಯೋ ಎಂದು ಪತ್ತೆ ಮಾಡಿ ಹೇಳುವುದೇ ಅಲ್ಲಿ ಮುಕ್ಕಾಲು ಕೆಲಸ. ಕಾಗದದ ಮೇಲೆ ನಾನು ಆಕೆಯ ಫೋಟೋಗ್ರಾಫರ್. ಕಾಗದ ಬದಿಗಿಟ್ಟರೆ ಆ ಕಚೇರಿಯ ತಲೆ, ಎದೆ, ಎರಡೂ ಕೈ ನಾನೇ. ಕಾಲು ಮಾತ್ರ ವೃಂದಕ್ಕನವು.

ಓಣಿಯ ಆಚೆ ಬದಿ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಹತ್ತಿರ, ಬುರ್ಖಾದ ಅಂಚನ್ನು ನೀರಿಗೆ ತಾಗದಂತೆ ಎತ್ತಿ ಹಿಡಿದು ನಾಹಿದಾ ನಿಂತಿದ್ದಳು. ಅಸದನ ಅಕ್ಕ; ಪ್ರಾಥಮಿಕ ಸಾಲಿಯ ಟೀಚರ್. ಗುರುವಾರ ನಮ್ಮ ಕಚೇರಿಗೆ ಬಂದವಳು ಅಂದಿನಿಂದ ದಿನಾ ಸಾಲಿ ಬಿಟ್ಟ ಮೇಲೆ ಬಂದು ನನ್ನ ಎದುರಿನ ಖುರ್ಚಿಯಲ್ಲಿ ಕೂಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ನಾಳೆ ಹನ್ನೊಂದಕ್ಕೆ ಅವಳ ತಮ್ಮನನ್ನು ಕೋರ್ಟಿಗೆ ಕರೆತಂದು, ಅಲ್ಲಿಂದ ಜೈಲಿಗೆ ಕಳಿಸುವವರಿದ್ದರು.

ಈಗ ತಗ್ಗಿನ ವಿಷಯ. ಹುಬ್ಬಳ್ಳಿಯಲ್ಲಿ ತಗ್ಗುಗಳಿಗೆ ಬರವಿಲ್ಲ, ಆದರೆ ಬಳೆಗಾರ ಓಣಿಯದು ಅವುಗಳ ಚಕ್ರವರ್ತಿ. ಆರು ವರ್ಷದ ಹಿಂದೆ ಪೈಪು ಹೂಳಲು ಅಗೆದರು, ಹೂಳಿದರು, ಮುಚ್ಚುವುದನ್ನು ಮರೆತರು. ಪಕ್ಕದ ಗಟಾರ ಕಟ್ಟಿಕೊಂಡಿರುವುದರಿಂದ ಬಿದ್ದ ನೀರು ಅಲ್ಲೇ ನಿಲ್ಲುತ್ತದೆ. ಒಮ್ಮೆ ಎಮ್ಮೆಯೊಂದು ಇಲ್ಲಿ ಇಳಿದದ್ದು ಅಮರಗೋಳದಲ್ಲಿ ಎದ್ದಿತು. ನಾನೇ ಕಣ್ಣಾರೆ ನೋಡಿದ್ದೇನೆ, ಎರಡೂ ಕಡೆ.

ಬುಧವಾರದ ನಂತರ ತಗ್ಗಿನ ಸುತ್ತ ಅರಿಸಿನ, ಕುಂಕುಮ, ಲಿಂಬೆಹಣ್ಣು, ಒಂದು ಒಡೆದ ತೆಂಗಿನಕಾಯಿ. ಸಂಜೆಯಾದರೆ ಓಣಿಯ ಹೆಂಗಸರು ಗೋಡೆಗೆ ಒತ್ತಿಕೊಂಡು ದಾಟುತ್ತಾರೆ, ನೀರಿನ ಕಡೆ ಮುಖ ತಿರುಗಿಸುವುದಿಲ್ಲ. ಎಲ್ಲ ನನ್ನ ಫೋಟೋದ ಪ್ರತಾಪ.

ತಗ್ಗಿನ ನೀರಿನ ಫೋಟೋ ತೆಗೆಯುವುದಕ್ಕೆ ಒಂದು ಕ್ರಮವಿದೆ. ಹೊಟ್ಟೆಯ ಮೇಲೆ ಮಲಗಬೇಕು. ಲೆನ್ಸು ನೀರಿನಿಂದ ಒಂದೇ ಬೆರಳು ಮೇಲಿರಬೇಕು. ಅಷ್ಟು ಮಾಡಿದರೆ ತಾಟಿನಷ್ಟು ನೀರಿನಲ್ಲಿ ಇಡೀ ಮಹಡಿ ಮನೆ ಇಳಿದು ಕೂಡುತ್ತದೆ. ಆಮೇಲೆ ಚಿತ್ರವನ್ನು ತಲೆಕೆಳಗು ಮಾಡಿದರೆ ನೀರೊಳಗಿನ ಮನೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಕೊನೆಯ ನಿಯಮ, ಎಲ್ಲಕ್ಕಿಂತ ದೊಡ್ಡದು: ಮೇಲೆ ನೋಡಬಾರದು. ಒಮ್ಮೆ ನಿಜವಾದ ಮನೆಯನ್ನು ಕಂಡ ಕಣ್ಣಿಗೆ ನೀರೊಳಗಿನದು ಸಪ್ಪೆಯಾಗುತ್ತದೆ. ಹದಿನೆಂಟು ವರ್ಷದಿಂದ ಈ ಊರಿನ ಮಹಡಿಗಳನ್ನು ನಾನು ಬರೀ ನೆಲದಲ್ಲಿ ನೋಡಿದ್ದೇನೆ.

“ಮಲಕೋ,” ಎಂದರು ವೃಂದಕ್ಕ ಮತ್ತೆ.

ಸೊಂಟ ಹಿಡಿದಿದೆ ಎಂದೆ. ಅಂಗಿ ಹೊಸದು ಎಂದೆ. ಬೆಳಕು ಸರಿಯಿಲ್ಲ ಎಂದೆ. ಮೂರೂ ನೆಪ ಮುಗಿದವು, ನಾನು ಬಗ್ಗಲಿಲ್ಲ.

ನಿಜ ಏನೆಂದರೆ ಬುಧವಾರದಿಂದ ಈಚೆಗೆ ನನಗೆ ಯಾವ ನೀರನ್ನೂ ನೋಡಲಾಗುತ್ತಿರಲಿಲ್ಲ. ಬಚ್ಚಲಿನ ಬಕೆಟ್ಟಿನಲ್ಲಿ ಮೌಶಿ. ಬಸಿಯಲ್ಲಿ ಸುರಿದ ಚಹಾದಲ್ಲಿ ಆಕೆ. ರಸ್ತೆಯಲ್ಲಿ ಒಂದು ಅಂಗೈ ನೀರು ಕಂಡರೂ ಆಕೆ ತಮ್ಮ ಮಹಡಿಯ ಗ್ಯಾಲರಿಯ ಕಟಾಂಜನದ ಹಿಂದೆ ನಿಂತು ಬಲಗೈ ಎತ್ತಿರುತ್ತಿದ್ದರು. ಜಗತ್ತಿನ ಮೊದಲ ಸಂಖ್ಯೆಯ ತಗ್ಗು ಫೋಟೋಗ್ರಾಫರ್ ನಾಲ್ಕು ದಿನದಿಂದ ನೀರು ಹಾರಿ ಹಾರಿ ನಡೆಯುತ್ತಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ. ಬಡಾಯಿ ಕೊಚ್ಚಲು ಒಳ್ಳೆಯ ವಿಷಯವೇ. ಆದರೆ ಅದು ಖರೇ ಇತ್ತು, ಖರೇ ಹೇಳಿ ನನಗೆ ರೂಢಿಯಿಲ್ಲ.

ಅಷ್ಟರಲ್ಲಿ ಎದುರಿನ ಮನೆಯ ಬಾಗಿಲು ತೆರೆದು ರಮಾಕಾಂತ ಹೊರಗೆ ಬಂದ. ಮೌಶಿಯ ತಂಗಿಯ ಮಗ; ಕೆಳಗಿನ ಮನೆಯಲ್ಲಿ ಅವನು, ಮೇಲೆ ಅವರು ಇದ್ದದ್ದು. ತಬಲಾ ಕಲಿಸುತ್ತಾನೆ. ಬಿಳಿ ಪೈಜಾಮ, ಬಿಳಿ ಜುಬ್ಬಾ, ಮಳೆಗಾಲದಲ್ಲೂ ಒಂದು ಕಲೆಯಿಲ್ಲ. ತಾಟಿನಲ್ಲಿ ನಾಲ್ಕು ಕಪ್ಪು ಚಹಾ.

ವೃಂದಕ್ಕ ಅವನಿಂದ ಸೋಮವಾರದ ಕಥೆಯನ್ನು ಮತ್ತೊಮ್ಮೆ ಹೇಳಿಸಿದರು. ಅವನು ಪೊಲೀಸರಿಗೆ ಹೇಳಿದ್ದನ್ನೇ ಹೇಳಿದ. ಮಧ್ಯಾಹ್ನ ಎರಡಕ್ಕೆ ಧಾರವಾಡಕ್ಕೆ ಹೋದೆ, ಶಿಷ್ಯರಿಗೆ ಪಾಠ ಇತ್ತು, ತಿರುಗಿ ಬಂದಾಗ ಎಂಟು ಹೊಡೆದಿತ್ತು, ಮೇಲೆ ದೀಪ ಇರಲಿಲ್ಲ, ಮೌಶಿ ಲಗೂ ಮಲಗಿರಬೇಕು ಅಂದುಕೊಂಡೆ. ಬೆಳಗ್ಗೆ ಕಸ ಮುಸುರೆಗೆ ಬಂದ ರತ್ನವ್ವ ಹಿತ್ತಲಿನಲ್ಲಿ ನೋಡಿ ಕೂಗಿದಳು. ಹೇಳುತ್ತ ಕಣ್ಣೊರೆಸಿಕೊಂಡ. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟ.

“ಮಿಲಿಂದ ಸುಳ್ಳು ಹೇಳೂ ಮನುಷ್ಯಾ ಅಲ್ರಿ, ವೃಂದಾಬಾಯಿ. ಅಂವ ಬುಧವಾರ ಅಂದ್ರ ಬುಧವಾರ. ನಮ್ಮ ಮೌಶಿ ಈ ಮನೀ ಬಿಟ್ಟು ಹೋಗಿಲ್ಲ, ಅಷ್ಟ.”

ಮೂವತ್ತಾರು ವರ್ಷದಲ್ಲಿ ನನ್ನ ಬಗ್ಗೆ ಹೀಗೆ ಹೇಳಿದವನು ಅವನೊಬ್ಬನೇ. ಹೆತ್ತ ತಾಯಿಯೇ ಹೇಳಿಲ್ಲ. ಸಂತೋಷ ಆಗಬೇಕಿತ್ತು. ಕಪ್ಪಿನೊಳಗೆ ನೋಡಿದೆ, ಚಹಾದ ಮೇಲೆ ಬಿಳಿ ಸೆರಗೊಂದು ಅಲುಗಿದಂತಾಯಿತು. ಕುಡಿಯದೆ ಕಟ್ಟೆಯ ಮೇಲಿಟ್ಟೆ.

ರಮಾಕಾಂತ ಒಳಗೆ ಹೋದ. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ.

ವೃಂದಕ್ಕ ಚೀಲದಿಂದ ನನ್ನ ಫೋಟೋದ ದೊಡ್ಡ ಪ್ರತಿಯೊಂದನ್ನು ತೆಗೆದರು. ಇಡೀ ಊರು ಮೊಬೈಲಿನಲ್ಲಿ ನೋಡಿದ ಚಿತ್ರ. ಮಸುಕು ನೀರಿನಲ್ಲಿ ಮೇಲಿನ ಗ್ಯಾಲರಿ, ಕಟಾಂಜನದ ಹಿಂದೆ ಮೌಶಿ, ಎತ್ತಿದ ಬಲಗೈ. ಹಿಂದಿನ ಬಾಗಿಲಿನ ಕತ್ತಲೆಯಿಂದ ಒಂದು ಕೈ ಬಂದು ಆಕೆಯ ಎಡಹೆಗಲ ಮೇಲೆ ಕೂತಿದೆ. ಮಣಿಕಟ್ಟಿನವರೆಗೆ ಮಾತ್ರ. ಅದರ ಹಿಂದೆ ಏನೂ ಕಾಣದು.

ಊರು ಅದನ್ನು ಯಮನ ಕೈ ಎಂದಿತು. ಟಿವಿಯವನೊಬ್ಬ ಬಂದು ಯಮನ ಅಂಗೈ ಎಷ್ಟು ಅಗಲ ಇರಬಹುದು ಎಂದು ನನ್ನನ್ನೇ ಕೇಳಿದ. ಒಂದು ಮೊಳ ಎಂದು ಹೇಳಿದ್ದೆ.

“ಇದೇನು?” ವೃಂದಕ್ಕನ ಬೆರಳು ಕೈಯ ಮೇಲಿರಲಿಲ್ಲ. ಕಟಾಂಜನದ ಕೆಳಗೆ, ತುಳಸಿ ಕುಂಡದ ಮೇಲೆ ಹಾಯ್ದ ಸಣ್ಣದೊಂದು ನೀಲಿ ಗೆರೆಯ ಮೇಲಿತ್ತು.

“ಪೈಪು,” ಎಂದೆ.

“ಯಾವ ಪೈಪು?”

ನಾನು ಬಾಯಿ ತೆರೆಯುವ ಮೊದಲೇ ನಾಹಿದಾ ಕಟ್ಟೆಯ ಕಡೆಯಿಂದ ಉತ್ತರ ಕೊಟ್ಟಳು. “ಅದು ಅಸದ ಹಾಕಿದ್ದರಿ.”

ಅವಳು ಹೇಳಿದ್ದು ಇಷ್ಟು. ಸೋಮವಾರ ಈ ಓಣಿಗೆ ನಳ ಬರುವ ದಿನ. ನೀರನ್ನು ಮೇಲಿನ ಮನೆಗೆ ಏರಿಸುವ ಮೋಟರು ಕೆಟ್ಟಿತ್ತು. ಅಕ್ಕೋರು (ಹಾಡು ಕಲಿಸುವ ಮೌಶಿಯನ್ನು ಅವಳು ಕರೆಯುವುದು ಹಾಗೆ) ಫೋನು ಮಾಡಿದ್ದರು. ಅಸದ ಮೂರೂವರೆಗೆ ಬಂದ. ಮೋಟರು ಸರಿಮಾಡಿ, ಹಳೇ ಪೈಪು ಸೀಳಿತ್ತೆಂದು ಹೊಸ ನೀಲಿ ಪೈಪು ತಂದು ಗ್ಯಾಲರಿಯ ಮೇಲೆ ಹಾಯಿಸಿದ. ತುಳಸಿಯ ಮೇಲೆ ಪೈಪು ಹಾಯಿಸಿದ್ದಕ್ಕೆ ಅಕ್ಕೋರು ಸಿಟ್ಟಾಗಿ ಬೈದರು. ತಾರಸ್ಥಾಯಿಯಲ್ಲಿ ಹಾಡಿದ ಗಂಟಲು, ಓಣಿಯೆಲ್ಲ ಕೇಳಿತು. ನಾಲ್ಕಕ್ಕೆ ಅಸದ ಹೊರಟುಹೋದ. ಅದರ ನಂತರ ಅಕ್ಕೋರನ್ನು ಜೀವಂತ ನೋಡಿದವರು ಯಾರೂ ಸಿಗಲಿಲ್ಲ.

ನಾಲ್ಕೂಕಾಲಿನಿಂದ ರಾತ್ರಿಯವರೆಗೆ ಅವನು ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಲಾರಿಯೊಂದರ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ನೋಡಿದವರು ಹತ್ತು ಮಂದಿ ಇದ್ದರು. ಪೊಲೀಸರ ಮಾತು ಒಂದೇ: ಹೋಗುವ ಮೊದಲೇ ಕೆಲಸ ಮುಗಿಸಿ ಹೋಗಿದ್ದಾನೆ.

“ಮಂಗಳವಾರ ಮುಂಜಾನೆ ಪಂಚನಾಮಾದಾಗ ಪೊಲೀಸರು ಆ ಪೈಪು ಬಿಚ್ಚಿಕೊಂಡು ಹೋದರು,” ಎಂದರು ವೃಂದಕ್ಕ. “ನಕಲು ನನ್ನ ಚೀಲದಾಗ ಅದ. ಬುಧವಾರ ಇಲ್ಲಿ ಪೈಪು ಇರಲಿಲ್ಲ. ಮೌಶಿ ದೆವ್ವ ಆಗಿ ಬಂದ್ರು ಅಂತ ಇಟಗೋಳೂಣು, ಮಿಲಿಂದ. ಪೈಪಿಗೂ ದೆವ್ವ ಆಗತದೇನು?”

ಮೌಶಿಗೆ ಆ ಪೈಪಿನ ಮೇಲೆ ಜೀವ ಇತ್ತು, ಬಿಟ್ಟಿರಲಾರದೆ ಜೊತೆಗೆ ತಂದಿರಬೇಕು ಎಂದು ಹೇಳಿದೆ. ಹೇಳುವಾಗಲೇ ನನಗೇ ನಾಚಿಕೆಯಾಯಿತು. ಇಷ್ಟು ಬಡವಾದ ಸುಳ್ಳನ್ನು ನಾನು ಎಂಟನೇ ವಯಸ್ಸಿನಲ್ಲೂ ಹೇಳಿದವನಲ್ಲ.

ವೃಂದಕ್ಕ ನಗಲಿಲ್ಲ. ಅಂದು ಬೆಳಗ್ಗೆ ಆಕೆ ನೀರು ಬಿಡುವ ಬೀರಪ್ಪನ ಮನೆಗೆ ಹೋಗಿ ಬಂದಿದ್ದರು. ಸೋಮವಾರ ಮೂರರಿಂದ ಆರರವರೆಗೆ ಈ ಓಣಿಯ ವಾಲ್ವು ತಿರುಗಿಸಿದ್ದೆ ಎಂದು ಅವನು ಹೇಳಿದ್ದ. ಅದಕ್ಕೆ ಹಿಂದಿನ ನೀರು ಬಂದದ್ದು ಎಂಟು ದಿನದ ಕೆಳಗೆ. ಇದರ ಅರ್ಥ ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ನೀರು ಬಂತೆಂದರೆ ಮನೆಮನೆಯ ಹೆಂಗಸರು ಕೊಡ, ಹಂಡೆ, ಬ್ಯಾರೆಲ್ಲಿನಲ್ಲಿ ಉಳಿದ ಹಳೇ ನೀರನ್ನು ರಸ್ತೆಗೆ ಚೆಲ್ಲಿ, ತೊಳೆದು, ಮತ್ತೆ ತುಂಬುತ್ತಾರೆ. ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ ಆ ದಿನ ಓಣಿಯ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ.

“ಸೋಮವಾರ ಮಳಿ ಇರಲಿಲ್ಲ. ಅದಕ್ಕ ಎಲ್ಲಾರೂ ಬುಧವಾರ ಅಂದ್ರು, ನಾನೂ ನಂಬಿದೆ. ನಾಲ್ಕು ದಿನ ನಂಬಿದೆ. ಈ ತಗ್ಗಿಗೆ ಮಳಿ ಬೇಕಾಗಿಲ್ಲ, ನಳ ಬಂದ್ರ ಸಾಕು.” ಆಕೆ ನನ್ನ ಮುಖ ನೋಡಿದರು. “ಕ್ಯಾಮೆರಾದಾಗ ತಾರೀಖು ಇರತದಲ್ಲ?”

ನನ್ನ ಕ್ಯಾಮೆರಾದಲ್ಲಿ ಬ್ಯಾಟರಿ ತೆಗೆದಾಗಲೆಲ್ಲ ಹದಿನೈದು ವರ್ಷ ಹಿಂದಿನ ಜನವರಿ ಒಂದನೇ ತಾರೀಖು ಶುರುವಾಗುತ್ತದೆ ಎಂದು ಹೇಳಿದೆ. ಅದು ಸುಳ್ಳಲ್ಲ. ಆಕೆ ನಂಬಲಿಲ್ಲ.

ಆಗ ನಾಹಿದಾ ನಮ್ಮ ಹತ್ತಿರ ಬಂದಳು. ಬುರ್ಖಾದ ಅಂಚು ಕೈಬಿಟ್ಟಿದ್ದಳು. ಅದು ಕೆಸರಿನಲ್ಲಿ ಎಳೆಯುತ್ತಿತ್ತು. ತಗ್ಗಿನ ಅಂಚಿನಲ್ಲಿ ನಿಂತು, ನೀರನ್ನು ನೋಡುತ್ತ, ನನಗೆ ಹೇಳಿದಳು.

“ಮಿಲಿಂದಭಾಯ್, ನನಗ ಇಂಥಾದ್ರಾಗ ನಂಬಿಕಿ ಇಲ್ರಿ. ಸಾಲ್ಯಾಗ ಹುಡುಗರಿಗೆ ದೆವ್ವ ಇಲ್ಲ ಅಂತ ನಾನ ಹೇಳಿಕೊಡ್ತೇನಿ. ಆದ್ರ ನಾಳೆ ಕೋರ್ಟ್ ಐತಿ. ಬುಧವಾರ ಅಕ್ಕೋರು ಬಂದಿದ್ದು ಖರೇ ಇದ್ರ, ನೀವು ಕರದ್ರ ಇವತ್ತೂ ಬರಬಹುದು. ಒಂದ ಮಾತು ಕೇಳ್ರಿ ಅವರನ್ನ. ಅಸದ ಮೆಟ್ಟಿಲ ಇಳಿದು ಹೋಗೂ ಮುಂದ ನೀವು ಜೀವಂತ ಇದ್ರೋ ಇಲ್ಲೋ, ಅಷ್ಟ ಕೇಳ್ರಿ. ಅಕ್ಕೋರು ಸುಳ್ಳು ಹೇಳೂದಿಲ್ಲ.”

ಅವಳ ದನಿಯಲ್ಲಿ ವ್ಯಂಗ್ಯ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಮೂರು ದಿನ ನನ್ನ ಎದುರು ಕೂತು ಇದನ್ನೇ ಕೇಳಲು ಧೈರ್ಯ ಕೂಡಿಸುತ್ತಿದ್ದಳು.

ನಾನು ಹೊಸ ಅಂಗಿಯ ಸಮೇತ ಕೆಸರಿನಲ್ಲಿ ಕೂತೆ. ನೀರೊಳಗೆ ನೋಡಿದೆ.

ಗ್ಯಾಲರಿ ಇತ್ತು. ಕಟಾಂಜನ ಇತ್ತು. ಬಾಗಿಲಿಗೆ ಪೊಲೀಸರು ಹಾಕಿದ ಬೀಗ, ಅದರ ಮೇಲಿನ ಅರಗು, ಎಲ್ಲ ಇತ್ತು. ಆಕೆ ಇರಲಿಲ್ಲ. ನಾಲ್ಕು ದಿನ ಚಹಾದ ಬಸಿಯಲ್ಲೂ ಬಿಡದೆ ಬಂದವರು, ಕರೆಯಬೇಕಾದ ದಿನ ಬರಲಿಲ್ಲ.

“ಇದ್ರು,” ಎಂದೆ.

“ಯಾರು?” ಎಂದರು ವೃಂದಕ್ಕ.

“ಮೌಶಿ. ಜೀವಂತ ಇದ್ರು. ಫೋಟೋ ಸೋಮವಾರದ್ದು.”

ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಸೋಮವಾರ ನಾನು ಒಂದು ಮನೆಯ ನಾಮಕರಣದ ಫೋಟೋ ಮುಗಿಸಿ ಈ ಓಣಿಯಲ್ಲಿ ಹಾದೆ. ಎಲ್ಲರೂ ಒಳಗೆ ನಳದ ಮುಂದೆ ಗಡಿಬಿಡಿಯಲ್ಲಿದ್ದರು. ಓಣಿಯಲ್ಲಿ ಬರೀ ಕೊಡಗಳ ಸದ್ದು. ತಗ್ಗಿನಲ್ಲಿ ನೀರು ಬಿದ್ದಿತ್ತು. ಮಲಗಿ, ತೆಗೆದೆ. ಒಟ್ಟು ಹನ್ನೊಂದು ಫೋಟೋ.

“ಎಷ್ಟು ಹೊತ್ತಿಗೆ?”

“ಗಡಿಯಾರ ನೋಡಲಿಲ್ಲಕ್ಕ. ಮಸೀದ್ಯಾಗ ಬಾಂಗ್ ಆಗ್ಲಿಕ್ಕತ್ತಿತ್ತು.”

“ಅಸರ್ ಬಾಂಗು,” ಎಂದಳು ನಾಹಿದಾ. ಅವಳ ತುಟಿ ಒಣಗಿತ್ತು. “ಐದೂಕಾಲು. ಐದೂಕಾಲಿಗೆ ಅಸದ ಅಮರಗೋಳದಾಗ ಲಾರಿ ಕೆಳಗ ಇದ್ದ.”

ಹಾಗೆ ಹೇಳಿ ಒದ್ದೆ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ನಾನು ಮುಟ್ಟದೆ ಬಿಟ್ಟ ತಣ್ಣನೆಯ ಚಹಾವನ್ನು ಎತ್ತಿ ಒಂದೇ ಗುಟುಕಿಗೆ ಕುಡಿದಳು. ಐದು ದಿನದಿಂದ ಅವಳ ಹೊಟ್ಟೆಗೆ ಏನಾದರೂ ಹೋಗಿತ್ತೋ ಇಲ್ಲವೋ.

ಅಸದನನ್ನು ಹಿಡಿದ ಸುದ್ದಿ ನಾನು ಪೇಪರಿನಲ್ಲಿ ಓದಿದ್ದೆ. ಠಾಣೆಗೆ ಹೋಗಿ ಹೇಳಿಬಿಡಬೇಕು ಎಂದು ಚಪ್ಪಲಿ ಹಾಕಿಕೊಂಡಿದ್ದೆ ಕೂಡ. ಅಷ್ಟರಲ್ಲಿ ಟಿವಿಯವರು ಬಂದರು. ಇದನ್ನೂ ಹೇಳಿದೆ. ನಾಹಿದಾ ನನ್ನ ಕಡೆ ನೋಡಲಿಲ್ಲ.

ವೃಂದಕ್ಕ ಕೈ ಚಾಚಿದರು. “ಕಾರ್ಡು.”

ಕಾರ್ಡು ಕಳೆದಿದೆ ಎಂದು ಇಡೀ ವಾರ ಹೇಳಿದ್ದೆ. ಅಡಿಕೆಯ ಡಬ್ಬಿಯಿಂದ ಅದನ್ನು ತೆಗೆದು ಕ್ಯಾಮೆರಾಕ್ಕೆ ಹಾಕಿ ಕೊಟ್ಟೆ. ಊರು ನೋಡಿದ್ದು ನಾನು ಅಂಚು ಕತ್ತರಿಸಿ, ತಲೆಕೆಳಗು ಮಾಡಿ ಬಿಟ್ಟ ಚಿತ್ರ. ಕಾರ್ಡಿನಲ್ಲಿ ಇದ್ದದ್ದು ಕತ್ತರಿಸದ್ದು.

ಆಕೆ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಸರಿಸುತ್ತ ಹೋದರು. ತಗ್ಗಿನ ಸುತ್ತ ಒಣ ಧೂಳು. ಮನೆಯ ಹೊಸ್ತಿಲ ಮುಂದೆ ಬೆಳಗಿನ ರಂಗೋಲಿ, ಒಂದು ಎಳೆಯೂ ಕದಡಿಲ್ಲ. ಸಾಲು ಕೊಡಗಳು. ಬುಧವಾರದ ಮಳೆಯಲ್ಲಿ ಇದೊಂದೂ ಇರಲು ಸಾಧ್ಯವಿರಲಿಲ್ಲ.

ಎಂಟನೆಯ ಫೋಟೋದಲ್ಲಿ ಆಕೆಯ ಬೆರಳು ನಿಂತಿತು. ಊರು ನೋಡಿದ್ದು ಅದನ್ನೇ. ಎತ್ತಿದ ಕೈ, ಹೆಗಲ ಮೇಲಿನ ಕೈ. ಅದರ ಕತ್ತರಿಸದ ಎಡಮೂಲೆಯಲ್ಲಿ ನೀರು ಉಂಗುರ ಉಂಗುರವಾಗಿ ಕದಡಿತ್ತು. ಅಲ್ಲೊಂದು ತಾಮ್ರದ ಕೊಡದ ಬಾಯಿ, ಅದರಿಂದ ಬೀಳುತ್ತಿರುವ ನೀರಿನ ಧಾರೆ.

“ಹೊಟ್ಟಿ ಮ್ಯಾಲೆ ಮಲಗಿದ್ದಿ. ಎರಡೂ ಕೈ ಕ್ಯಾಮೆರಾದ ಮ್ಯಾಲೆ ಇದ್ವು. ಇಲ್ಲಿ ನೀರು ಸುರೀಲಿಕ್ಕತ್ತಾರಲ್ಲ, ಅವರು ಯಾರು?”

ನನಗೆ ಬಾಲ್ಯದಿಂದಲೂ ಗುಪ್ತವಾದ ಮೂರನೆಯ ಕೈಯೊಂದಿದೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ನಾಹಿದಾ ಖಾಲಿ ಕಪ್ಪು ಹಿಡಿದು ಕೂತಿದ್ದಳು. ಮಾತು ತಿರುಗಿ ಹೊಟ್ಟೆಗೆ ಹೋಯಿತು.

ಕೊಡದ ಹಿಂದೆ, ಚಿತ್ರದ ತೀರ ಅಂಚಿನಲ್ಲಿ, ಬಿಳಿ ಪೈಜಾಮದ ಒಂದು ಮಡಿಕೆ ಕಾಣುತ್ತಿತ್ತು.

“ರಮಾಕಾಂತ,” ಎಂದೆ.

ವೃಂದಕ್ಕ ಅರ್ಧ ತೆರೆದ ಬಾಗಿಲಿನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಅಂವ ಧಾರವಾಡದಾಗ ಇದ್ದನಲ್ಲೋ.”

ಇರಲಿಲ್ಲ. ನಾನು ಬಂದಾಗ ತಗ್ಗಿನಲ್ಲಿ ಇದ್ದದ್ದು ಬರೀ ಒಂದು ಬೊಗಸೆ ಕೆಸರು ನೀರು. ಫೋಟೋ ಆಗುವಷ್ಟು ಇರಲಿಲ್ಲ. ಹೊರಟಿದ್ದೆ. ಆಗ ರಮಾಕಾಂತ ಮನೆಯಿಂದ ಅವಸರದಲ್ಲಿ ಬಂದ, ಕಂಕುಳಲ್ಲಿ ಹಳೇ ನೀರಿನ ತಾಮ್ರದ ಕೊಡ. ನಾನು ಕೇಳಿರಲಿಲ್ಲ. ಅವನೇ ಸುರಿದ. ಒಂದು ಮುಗಿದ ಮೇಲೆ ಇನ್ನೊಂದು ತಂದ. ನೀ ನೀರು ನೋಡು, ನಾ ಹಾಕತೇನಿ, ಎಂದ. ನಾನು ನೋಡಿದೆ. ನೆಲಕ್ಕೆ ಮುಖ ಹಾಕಿ ಮಲಗಿದವನು ಮೇಲೆ ಆಗುವುದನ್ನು ಕಾಣಲಾರ ಎಂದು ಅವನು ಎಣಿಸಿರಬೇಕು. ನೀರೊಳಗೆ ಗ್ಯಾಲರಿ ಇಳಿಯುತ್ತದೆ ಎಂಬುದು ತಬಲಾದವನಿಗೆ ಹೇಗೆ ಗೊತ್ತಾಗಬೇಕು?

ಬುಧವಾರ ಮಳೆ ನಿಂತ ಮೇಲೆ ಪ್ರಿಂಟು ತೆಗೆದುಕೊಂಡು ಅವನ ಮನೆಗೆ ಹೋಗಿದ್ದೆ. ಮೌಶಿಯ ಕೊನೆಯ ಫೋಟೋ, ಹಾರ ಹಾಕಲು ಕೊಡೋಣ ಎಂದು. ಬಡಾಯಿಯಲ್ಲ, ಅದು ಖರೇ. ಫೋಟೋ ನೋಡಿ ಅವನ ಮುಖ ಸುಣ್ಣವಾಯಿತು. ಆಮೇಲೆ ನನ್ನ ಕೈ ಹಿಡಿದು, ಇದು ಇವತ್ತಿನ ಮಳೆಯದು ಅಲ್ಲೇನು ಮಿಲಿಂದ, ಮೌಶಿ ನಿನಗ ಕಾಣಿಸಿಕೊಂಡಾಳ, ಇಂಥಾ ಪುಣ್ಯ ಯಾರಿಗೆ ಸಿಗತದ, ಎಂದ.

ಆ ಸುಳ್ಳನ್ನು ಅವನು ಕೊಟ್ಟ, ನಾನು ತೆಗೆದುಕೊಂಡೆ. ಅರ್ಧ ಗಂಟೆಯಲ್ಲಿ ಅದು ನನ್ನದೇ ಆಯಿತು.

ವೃಂದಕ್ಕ ಎಂಟನೆಯ ಫೋಟೋವನ್ನು ದೊಡ್ಡದು ಮಾಡಿದರು. “ಕೈ ಎತ್ಯಾರಲ್ಲ ಮೌಶಿ. ಆವಾಗ ನಿನಗ ಏನು ಅನಿಸ್ತು?”

ಇದನ್ನು ಕೇಳದಿರಲಿ ಎಂದು ನಾಲ್ಕು ದಿನದಿಂದ ಬೇಡಿಕೊಂಡಿದ್ದೆ.

“ಫೋಟೋಕ್ಕ ನಿಂತಾರ ಅನಿಸ್ತು. ನೀರಾಗ ನೋಡಕೋತನ ಒದರಿದೆ, ಹಂಗ ನಿಲ್ರಿ ಮೌಶಿ, ಕೈ ಇಳಸಬ್ಯಾಡ್ರಿ ಅಂತ. ಅವರು ಏನೋ ಅಂದ್ರು. ಬಾಂಗಿನಾಗ ಕೇಳಲಿಲ್ಲ. ನನ್ನ ಕರೀಲಿಕ್ಕತ್ತಿದ್ರು, ಅಕ್ಕಾ. ಈಗ ಗೊತ್ತಾಗತದ.”

ಆಕೆ ಹನ್ನೊಂದನೆಯದಕ್ಕೆ ಸರಿಸಿದರು. ಗ್ಯಾಲರಿ ಖಾಲಿ. ನೀಲಿ ಪೈಪು, ತುಳಸಿ, ತೆರೆದ ಬಾಗಿಲು.

ಅದನ್ನು ತೆಗೆದ ಗಳಿಗೆಯಲ್ಲೇ ಮನೆಯ ಹಿಂದಿನಿಂದ ದಡದಡ ಸದ್ದು ಬಂದಿತ್ತು. ನಾನು ಏನದು ಎಂದು ಕೇಳಿದ್ದೆ. ರಮಾಕಾಂತ ಸುರಿಯುವುದನ್ನು ನಿಲ್ಲಿಸದೆ, ಕೊಡ ಬಿದ್ದಿರಬೇಕು, ಎಂದಿದ್ದ. ನಳ ಬಂದ ದಿನ ಯಾರ ಮನೆಯಲ್ಲಿ ಕೊಡ ಬೀಳುವುದಿಲ್ಲ?

ಎದುರು ಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ಅಗಳಿ ಬಿದ್ದ ಸದ್ದು ಓಣಿಗೆಲ್ಲ ಕೇಳಿತು.

ವೃಂದಕ್ಕ ಅತ್ತ ನೋಡಲಿಲ್ಲ. ಕ್ಯಾಮೆರಾವನ್ನೇ ನೋಡುತ್ತಿದ್ದರು. ಬೀರಪ್ಪನ ಮನೆಯಿಂದ ಬಂದಾಗಿನಿಂದ ಆ ಹೆಗಲ ಮೇಲಿನ ಕೈಯನ್ನು ಆಕೆ ರಮಾಕಾಂತನದೆಂದೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು. ಅವನ ಧಾರವಾಡದ ಕಥೆ ಮುರಿದರೆ ಸಾಕು, ಎಲ್ಲ ಮುಗಿಯಿತು ಎಂದುಕೊಂಡಿದ್ದರು. ನಾನು ಅದನ್ನು ಮುರಿದುಕೊಟ್ಟೆ. ಜೊತೆಗೆ ಅವನನ್ನು ಓಣಿಯ ನಡುವೆ, ಎರಡೂ ಕೈಯಲ್ಲಿ ಕೊಡ ಕೊಟ್ಟು, ನಿಲ್ಲಿಸಿಬಿಟ್ಟೆ.

“ರಮಾಕಾಂತ ಕೆಳಗ ನಿನ್ನ ಬಾಜೂಕ ನಿಂತಿದ್ದ,” ಎಂದರು ನಿಧಾನವಾಗಿ. “ಅಸದ ಅಮರಗೋಳದಾಗ. ಹಂಗಾದ್ರ ಮ್ಯಾಲಿನ ಈ ಕೈ ಯಾರದು, ಮಿಲಿಂದ?”

ಯಮನದು ಎಂದು ಹೇಳಿ ನಾಲ್ಕು ದಿನ ಊಟ ಮಾಡಿದವನು ನಾನು. ಈಗ ಯಮ ಇರಲಿಲ್ಲ. ಬಾಗಿಲಿನ ಕತ್ತಲೆಯಲ್ಲಿ, ಉಗುರು, ಗೆಣ್ಣು ಎಲ್ಲ ಇದ್ದ ಮನುಷ್ಯರ ಕೈಯೊಂದು ಇತ್ತು. ನಾಹಿದಾ ಕೂಡ ಎದ್ದು ಬಂದು ಕಾಯುತ್ತ ನಿಂತಳು.

ಒಂದೇ ಒಂದು ಸಲ ಕತ್ತು ಎತ್ತಿದ್ದರೆ ಹನ್ನೆರಡು ಅಡಿ ಮೇಲೆ ಎಲ್ಲವೂ ಇತ್ತು.

“ಗೊತ್ತಿಲ್ಲಕ್ಕ,” ಎಂದೆ. “ನಾ ಮ್ಯಾಲೆ ನೋಡಲೇ ಇಲ್ಲ.”